ಒಂದು ಸೈಟಿನಲ್ಲಿ ಎಷ್ಟು ಸಂಸಾರ?

ಬಸವನಗುಡಿಯ ನಮ್ಮ ಬೀದಿಯಲ್ಲಿ ಹಳೇ ಮನೆಯೊಂದನ್ನು ಕೆಡವಿದಾಗಲೆಲ್ಲ ಕೇಳಿಬರುವುದು ಒಂದೇ ಮಾತು: "ಮುಗೀತು, ಇನ್ನು ಇಲ್ಲಿ ಜನಜಾತ್ರೆ." ಪಕ್ಕದ ಮನೆ ಬಿಲ್ಡರ್ ಕೈಗೆ ಹೋದಾಗ ನಾನೂ ಹಾಗೇ ಅಂದಿದ್ದೆ. ಆಮೇಲೆ ಕೂತು ಲೆಕ್ಕ ಹಾಕಿದೆ.

ಈ ಬಡಾವಣೆಗಳು ಮೊದಲಿಂದಲೂ ದೊಡ್ಡ ಕಾಂಪೌಂಡು, ಸಂಪಿಗೆ ಮರ, ಮನೆಗೊಂದೇ ಸಂಸಾರ ಅಂತಿದ್ದವು ಎಂದು ನಾವು ನಂಬಿದ್ದೇವೆ. 1898ರಲ್ಲಿ ಪ್ಲೇಗ್ ಬಂದ ಮೇಲೆ, ಪೇಟೆಯ ಇಕ್ಕಟ್ಟಿನಿಂದ ಹೊರಗೆ, ಗಾಳಿ-ಬೆಳಕಿಗೆಂದೇ ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿದ್ದು ನಿಜ. ಆದರೆ ವಠಾರಗಳನ್ನು ಮರೆತೆವಲ್ಲ! ನಡುವೆ ಉದ್ದನೆಯ ಓಣಿ, ಎರಡೂ ಕಡೆ ಒಂದೂವರೆ ಕೋಣೆಯ ಮನೆಗಳು, ತುದಿಯಲ್ಲಿ ಎಲ್ಲರಿಗೂ ಒಂದೇ ನಲ್ಲಿ. ನನ್ನ ಸೋದರತ್ತೆ ಮಲ್ಲೇಶ್ವರದ ಅಂಥ ವಠಾರದಲ್ಲಿ ಹನ್ನೊಂದು ಸಂಸಾರಗಳ ನಡುವೆ ಬಾಳಿದವರು. ಬೆಳಗಿನ ಜಾವ ಕೊಡ ಸಾಲಿಗಿಡುವುದು ತಡವಾದರೆ ಅವತ್ತು ಮನೆಯಲ್ಲಿ ಸ್ನಾನವಿಲ್ಲ. ಅದೇ ಜಾಗದಲ್ಲೀಗ ನಾಲ್ಕು ಅಂತಸ್ತು, ಎಂಟು ಫ್ಲ್ಯಾಟು. ಎರಡಕ್ಕೆ ಸದಾ ಬೀಗ, ಮಕ್ಕಳು ಅಮೆರಿಕದಲ್ಲಿ. ಕಟ್ಟಡ ಬೆಳೆದಿದೆ, ಜನ ಕರಗಿದ್ದಾರೆ.

ಎತ್ತರವೇ ಬೇರೆ, ಜನಸಾಂದ್ರತೆಯೇ ಬೇರೆ. ಪ್ಯಾರಿಸ್ಸಿನಲ್ಲಿ ಬಹುತೇಕ ಕಟ್ಟಡಗಳು ಆರೇಳು ಅಂತಸ್ತು ದಾಟುವುದಿಲ್ಲ. ಆದರೂ ಅಲ್ಲಿ ಚದರ ಕಿಲೋಮೀಟರಿಗೆ ಸುಮಾರು 20,000 ಜನ ಇದ್ದಾರೆ.

ಎಫ್‌ಎಆರ್ ಅಂದರೆ ಎಷ್ಟು ಮಹಡಿ ಕಟ್ಟಬಹುದು ಅನ್ನುವ ಲೆಕ್ಕ ಎಂದುಕೊಂಡವರೂ ಬಹಳ. ಅಲ್ಲ, ಅದು ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವುದು. 30x40 ಸೈಟು 1,200 ಚದರ ಅಡಿ. ಎಫ್‌ಎಆರ್ 1.75 ಇದ್ದರೆ ಒಟ್ಟು 2,100 ಚದರ ಅಡಿ ಕಟ್ಟಬಹುದು. ನೆಲದ ಮುಕ್ಕಾಲು ಭಾಗ ಮುಚ್ಚಿದರೆ ಎರಡು ಅಂತಸ್ತು ಮುಗಿದು ಮೂರನೆಯದರಲ್ಲೊಂದು ಕೋಣೆಯಷ್ಟು ಉಳಿಯುತ್ತದೆ. ಅರ್ಧ ಮಾತ್ರ ಮುಚ್ಚಿದರೆ ಮೂರೂವರೆ ಅಂತಸ್ತು. ಅಷ್ಟೇ ಮನೆ, ಅಷ್ಟೇ ಜನ. ಆದರೆ ಎತ್ತರದ ಮನೆಯ ಸುತ್ತ ಒಂದು ತೆಂಗಿನ ಮರಕ್ಕೆ ಮಣ್ಣು ಉಳಿದಿರುತ್ತದೆ. ಸಿಟ್ಟು ಬರಬೇಕಾದ್ದು ನೆಲ ನುಂಗುವವರ ಮೇಲೆ, ನಮಗೆ ಬರುವುದು ಮೇಲೆ ಹೋಗುವವರ ಮೇಲೆ.

ನೀರಿನ ಮಾತು. ಫ್ಲ್ಯಾಟ್ ಬಂದರೆ ನಮ್ಮ ಕಾವೇರಿ ಅವರ ಸಂಪು ಸೇರುತ್ತದೆ ಅನ್ನುವ ಭಯ ಪೂರ್ತಿ ಸುಳ್ಳಲ್ಲ. ಪೈಪು, ಒಳಚರಂಡಿ ಬದಲಿಸದೆ ಮನೆ ಮಾತ್ರ ಹೆಚ್ಚಿಸುತ್ತ ಹೋದರೆ ಮ್ಯಾನ್‌ಹೋಲ್ ಉಕ್ಕದೆ ಇನ್ನೇನು? ಆದರೆ ಇಲ್ಲಿ ಜಾಗ ಸಿಗದವರು ಮಾಯವಾಗುವುದಿಲ್ಲ, ಊರಾಚೆ ಹೋಗಿ ಮನೆ ಮಾಡುತ್ತಾರೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಬೋರ್‌ವೆಲ್ಲು, ಟ್ಯಾಂಕರು. ನಮ್ಮ ಬೀದಿಯಲ್ಲಾದರೋ ಪೈಪು ಆಗಲೇ ಇದೆ, ದಪ್ಪ ಮಾಡಿದರೆ ಸಾಕು. ನಡೆದರೆ ಸಿಗುವ ದೂರದಲ್ಲಿ ಮೆಟ್ರೋ ಕೂಡ 2017ರಿಂದ ಓಡುತ್ತಿದೆ. ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಅಂಗಡಿ ತೆರೆದು ಕಾರು ಫುಟ್‌ಪಾತಿಗೆ ಹತ್ತಿಸುವವರ ತಪ್ಪನ್ನು ಜನಸಂಖ್ಯೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

"ಏನೇ ಮಾಡಲಿ, ಕೊನೆಗೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದು" ಅನ್ನುವುದು ಇನ್ನೊಂದು ಗಟ್ಟಿ ನಂಬಿಕೆ. ಅಕ್ರಮ-ಸಕ್ರಮಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಆದರೂ ಮೇಸ್ತ್ರಿಗಳ ಬಾಯಲ್ಲಿ ಆ ಮಾತು ಇನ್ನೂ ಓಡಾಡುತ್ತಿದೆ.

ಪಕ್ಕದ ಮನೆಗೆ ಕೊನೆಗೆ ಬಂದದ್ದು ನಾಲ್ಕೇ ಸಂಸಾರ, ಒಳ್ಳೆಯ ಜನ. ಗೌರಿಹಬ್ಬಕ್ಕೆ ಬಾಗಿನ ಕೊಟ್ಟರು. ತಕರಾರಿರುವುದು ಗೋಡೆಯದು. ನಕ್ಷೆಯಲ್ಲಿ ಒಂದು ಮೀಟರ್ ಇದ್ದ ಸೆಟ್‌ಬ್ಯಾಕ್, ಕಟ್ಟುವ ಹೊತ್ತಿಗೆ ಒಂದು ಗೇಣಾಯಿತು. ನಮ್ಮ ಅಡುಗೆಮನೆ ಕಿಟಕಿಯಿಂದ ಕೈ ಚಾಚಿದರೆ ಅವರ ಬಚ್ಚಲಿನ ಪೈಪು ಸಿಗುತ್ತದೆ; ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕಲೂ ಟ್ಯೂಬ್‌ಲೈಟ್ ಬೇಕು. ಮಳೆ ಬಂದಾಗ ಅವರ ಸಜ್ಜಾದ ನೀರು ನೆಟ್ಟಗೆ ನಮ್ಮ ಸಂಪಿನ ಮುಚ್ಚಳದ ಮೇಲೆ ಸುರಿಯುತ್ತದೆ. ಮಳೆನೀರು ಕೊಯ್ಲು ಅಂದುಕೊಳ್ಳಿ ಅನ್ನುತ್ತಾಳೆ ನನ್ನ ಹೆಂಡತಿ.