ಬೆಟ್ಟ, ಬಸದಿ, ಕಡಲು: ಮನೆಯಾಕೆಗೂ ಒಂದು ದಿನದ ರಜಾ

ಪ್ರವಾಸವೆಂದರೆ ಮನೆಮಂದಿಗೆಲ್ಲ ರಜಾ, ಮನೆಯಾಕೆಗೆ ಮಾತ್ರ ಎರಡು ಪಟ್ಟು ಕೆಲಸ! ನಸುಕಿಗೇ ಎದ್ದು ಚಪಾತಿ ಲಟ್ಟಿಸಿ, ಚಿತ್ರಾನ್ನ ಕಲಸಿ, ಫ್ಲಾಸ್ಕಿಗೆ ಕಾಫಿ ತುಂಬಿಸುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಕಾರು ಹತ್ತಿದರೆ ನಿದ್ದೆ. ‘ಏನೇನು ನೋಡಿದಿರಿ?’ ಎಂದು ಯಾರಾದರೂ ಕೇಳಿದರೆ ನೆನಪಾಗುವುದು ತೊಳೆಯಬೇಕಾದ ಡಬ್ಬಿಗಳೇ. ಈ ಸಲ ಹಾಗಾಗುವುದು ಬೇಡ. ಉಡುಪಿಯಿಂದ ಹೊರಟು ಸಂಜೆಗೆ ಉಡುಪಿಗೇ ಮರಳುವ ಸುತ್ತೊಂದನ್ನು ಹೇಳುತ್ತೇವೆ. ಬಿಸಿಲು ನೋಡಿಕೊಂಡು ಊರುಗಳ ಸರದಿ ಹಾಕಿದರೆ ಆಯಾಸವಾಗದು.

ಮೊದಲು ಬುತ್ತಿಯ ಮಾತು. ನಮ್ಮ ಕರಾವಳಿಯ ಬನ್ಸ್ ಒಂದೇ ಸಾಕು. ಹಿಂದಿನ ರಾತ್ರಿ ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿ ಸಕ್ಕರೆ, ಮೊಸರು, ಜೀರಿಗೆ, ಉಪ್ಪು, ಚಿಟಿಕೆ ಸೋಡಾ ಬೆರೆಸಿ, ಹಿಡಿಸುವಷ್ಟು ಮೈದಾ ಹಾಕಿ ಮೆತ್ತಗೆ ಕಲಸಿ ಮುಚ್ಚಿಡಿ. ಬೆಳಿಗ್ಗೆ ದಪ್ಪಗೆ ಲಟ್ಟಿಸಿ ಕರಿದರಾಯಿತು, ಸಂಜೆಯವರೆಗೂ ಮೆತ್ತಗಿರುತ್ತದೆ. ಮಧ್ಯಾಹ್ನದ ಊಟ ಹೋಟೆಲಿನಲ್ಲೇ ಆಗಲಿ. ‘ದಂಡ ಖರ್ಚು’ ಅಂತ ಯಜಮಾನರು ಗೊಣಗಿದರೆ ನಿಮ್ಮ ಕೂಲಿಯ ಲೆಕ್ಕ ಮುಂದಿಡಿ!

ಬೆಳಕು ಹರಿಯುವಾಗ ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿರಿ. ಉಡುಪಿಯಿಂದ ಬರೇ 5 ಕಿ.ಮೀ. ಕೆಳಗೆ ಸ್ವರ್ಣಾ ನದಿ, ಆಚೆ ಸಹ್ಯಾದ್ರಿಯ ಸಾಲು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜು ತೆರೆಯುವ ಮೊದಲು ಮಣಿಪಾಲ ಬೋಳುಗುಡ್ಡೆಯಾಗಿತ್ತು ಎಂದರೆ ಮಕ್ಕಳು ನಂಬಲಿಕ್ಕಿಲ್ಲ.

ಅಲ್ಲಿಂದ ಹಿರಿಯಡ್ಕದ ಮೇಲೆ ನೇರ ಕಾರ್ಕಳಕ್ಕೆ ಹೋಗಿ. ಬಿಸಿಲೇರುವ ಮೊದಲೇ ತಲುಪಬೇಕು ಏಕೆ ಗೊತ್ತೇ? ಗೊಮ್ಮಟನ ಸನ್ನಿಧಿಯಲ್ಲಿ ಬರಿಗಾಲು. ಹೊತ್ತೇರಿದರೆ ಬಂಡೆ ಕಾದ ಕಾವಲಿಯೇ ಸರಿ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ ಈ ಏಕಶಿಲಾಮೂರ್ತಿಯ ಎತ್ತರ 42 ಅಡಿ. ಅಣ್ಣ ಭರತನನ್ನು ಸೋಲಿಸಿದ ಮೇಲೂ ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟು ತಪಸ್ಸಿಗೆ ನಿಂತ ಬಾಹುಬಲಿಯ ಕತೆಯನ್ನು ಅಲ್ಲೇ ಕೂತು ಮಕ್ಕಳಿಗೆ ಹೇಳಿ. ಆಸ್ತಿಗಾಗಿ ಒಡಹುಟ್ಟಿದವರೇ ಕೋರ್ಟು ಹತ್ತುವ ಈ ಕಾಲಕ್ಕೆ ಬೇಕಾದ ಕತೆ ತಾನೇ?

ಎದುರಿನ ಚಿಕ್ಕ ಗುಡ್ಡದ ಮೇಲಿದೆ ಚತುರ್ಮುಖ ಬಸದಿ. 1586ರದ್ದು, ನಾಲ್ಕು ದಿಕ್ಕಿಗೂ ಬಾಗಿಲು, 108 ಕಂಬ. ಯಾವ ಬಾಗಿಲಿನಿಂದ ನೋಡಿದರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. ಅತ್ತೆಯವರಿಗೆ ಮೊಣಕಾಲು ನೋವಿದ್ದರೆ ಎರಡೂ ಗುಡ್ಡ ಹತ್ತಿಸಬೇಡಿ. ಬಸದಿಯ ಜಗಲಿಯಲ್ಲಿ ಕೂರಿಸಿ. ಎದುರು ಗೊಮ್ಮಟ ಅಲ್ಲಿಂದಲೇ ಕಾಣುತ್ತಾನೆ.

ಕಾರ್ಕಳದಲ್ಲೇ ಊಟ ಮುಗಿಸಿ ಬೆಳ್ಮಣ್, ಪಡುಬಿದ್ರಿ ದಾರಿಯಾಗಿ ಕಾಪುವಿಗೆ ಬನ್ನಿ. ಅಲ್ಲಿನ ದೀಪಸ್ತಂಭ 1901ರದ್ದು, ಎತ್ತರ ಸುಮಾರು 27 ಮೀಟರ್. ಒಳಗೆ ಹತ್ತಲು ಸಾಮಾನ್ಯವಾಗಿ ಸಂಜೆ ಮಾತ್ರ ಬಿಡುತ್ತಾರೆ. ಆದ್ದರಿಂದಲೇ ಕಾಪುವನ್ನು ಕೊನೆಗಿಟ್ಟದ್ದು. ಉಳಿದ ಬನ್ಸ್ ಬಿಚ್ಚಲು, ಸೂರ್ಯ ಮುಳುಗುವುದನ್ನು ನೋಡಲು ಇದಕ್ಕಿಂತ ಜಾಗವಿಲ್ಲ. ಆದರೆ ಒಂದು ಮಾತು: ಪಾಚಿ ಹಿಡಿದ ಬಂಡೆ ಬಹಳ ಜಾರುತ್ತದೆ. ಮಕ್ಕಳ ಕೈ ಬಿಡಬೇಡಿ. ಮಳೆಗಾಲದ ಕಡಲಿಗಂತೂ ಇಳಿಯಲೇ ಬೇಡಿ. ಡಿಸೆಂಬರ್, ಜನವರಿಯೇ ಒಳ್ಳೆಯ ಕಾಲ.

ಉಡುಪಿಗೆ ಇನ್ನು 13 ಕಿ.ಮೀ. ರಥಬೀದಿಯಲ್ಲಿ ಅಷ್ಟಮಠಗಳ ಸುತ್ತ ಒಂದು ನಡಿಗೆ, ಕನಕನ ಕಿಂಡಿಗೆ ಒಂದು ನಮಸ್ಕಾರ, ಆಮೇಲೆ ಕೃಷ್ಣನ ದರ್ಶನ. ಒಂದು ದಿನ ಹೆಚ್ಚು ಉಳಿಯುವುದಾದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಬಿಡಬೇಡಿ. ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿದ ಜಾಗವದು. ತೆರೆದಿರುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ.

ಮನೆಗೆ ಬಂದ ರಾತ್ರಿ ಒಲೆ ಹಚ್ಚುವ ಸರದಿ ಯಾರದ್ದು ಎಂಬುದನ್ನು ಮಾತ್ರ ಹೊರಡುವ ಮೊದಲೇ ತೀರ್ಮಾನಿಸಿಬಿಡಿ!