ಎತ್ತಿನ ಕೊಂಬಿನ ಅರ್ಬುದ ಮತ್ತು ಅದರ ಶಸ್ತ್ರಚಿಕಿತ್ಸೆ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯು ಅಮೃತಮಹಲ್ ಕಾವಲುಗಳಿಗೆ ಹೆಸರಾದುದು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯೇ ಮುಂದೆ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ 'ಅಮೃತಮಹಲ್' ಎನಿಸಿತು. ಬುಡದಲ್ಲಿ ಒತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮೇಲೆದ್ದು ಚೂಪಾಗುವ ನೀಳ ಕೊಂಬುಗಳು ಈ ತಳಿಯ ಕುರುಹು. ಇಂತಹ ಕೊಂಬುಳ್ಳ ದೇಶೀ ದನಗಳನ್ನು, ವಿಶೇಷವಾಗಿ ನಡುವಯಸ್ಸಿನ ದುಡಿಯುವ ಎತ್ತುಗಳನ್ನು, ಕಾಡುವ ಮಾರಕ ವ್ಯಾಧಿಯೇ ಕೊಂಬಿನ ಅರ್ಬುದ.

ಕೊಂಬಿನ ಒಳಗಿನ ಎಲುಬು ಟೊಳ್ಳಾಗಿದ್ದು, ಆ ಟೊಳ್ಳು ಹಣೆಯ ಗಾಳಿಕುಹರದ ಮುಂದುವರಿಕೆಯಾಗಿದೆ. ಅದರ ಒಳಪೊರೆಯ ಜೀವಕೋಶಗಳಲ್ಲಿ ಅರ್ಬುದವು ಮೊಳೆಯುತ್ತದೆ. ನೊಗದ ಉಜ್ಜುವಿಕೆ, ಕೊಂಬು ಹೆರೆಯುವುದು, ಬಣ್ಣ ಬಳಿಯುವುದು, ಬಿಸಿಲಿನ ತಾಪ, ಬೀಜ ಒಡೆದುದರಿಂದಾಗುವ ಹಾರ್ಮೋನುಗಳ ವ್ಯತ್ಯಾಸ ಇವು ಪ್ರೇರಕ ಅಂಶಗಳೆಂದು ಸಂಶೋಧಕರು ಸೂಚಿಸಿದ್ದಾರೆ. ಇವುಗಳಲ್ಲಿ ಯಾವುದೊಂದೂ ಏಕೈಕ ಕಾರಣವೆಂದು ಸಿದ್ಧಪಟ್ಟಿಲ್ಲ.

ಎತ್ತು ಪದೇ ಪದೇ ತಲೆ ಕೊಡವುವುದು, ಕೊಂಬನ್ನು ಗೋಡೆಗೆ ಉಜ್ಜುವುದು, ಅದೇ ಬದಿಯ ಮೂಗಿನ ಹೊಳ್ಳೆಯಿಂದ ರಕ್ತಮಿಶ್ರಿತ ಸ್ರಾವ ಒಸರುವುದು ಆರಂಭದ ಲಕ್ಷಣಗಳು. ಇವನ್ನು ಪೆಟ್ಟಿನ ಫಲವೆಂದು ಭಾವಿಸಿ ಕಾಲ ಕಳೆದರೆ ಕೊಂಬು ವಾಲಿ, ಸಡಿಲಗೊಂಡು ಕಳಚಿಬೀಳುತ್ತದೆ. ಆ ಜಾಗದಲ್ಲಿ ಹೂಕೋಸಿನಂತಹ ಗಡ್ಡೆ ಹೊರಚಾಚುತ್ತದೆ.

ಪ್ರಧಾನ ಚಿಕಿತ್ಸೆ ಕೊಂಬಿನ ಛೇದನವೇ. ಕಣ್ಣಿನ ಹೊರಮೂಲೆ ಮತ್ತು ಕೊಂಬಿನ ಬುಡದ ನಡುವೆ ಹಾಯುವ ನರದ ಬಳಿ ಲಿಗ್ನೋಕೇನ್ ಚುಚ್ಚಿ ಆ ಭಾಗವನ್ನು ಮರಗಟ್ಟಿಸಲಾಗುತ್ತದೆ. ಬಳಿಕ ಕೊಂಬಿನ ಬುಡದ ಸುತ್ತ ಚರ್ಮವನ್ನು ಸೀಳಿ, ಬಿಡಿಸಿ, ತಂತಿಗರಗಸದಿಂದ ಕೊಂಬನ್ನು ಬುಡಮಟ್ಟ ಕೊಯ್ದು, ರಕ್ತಸ್ರಾವವನ್ನು ತಡೆದು, ಕುಹರದಲ್ಲಿ ಉಳಿದ ರೋಗಗ್ರಸ್ತ ಅಂಗಾಂಶವನ್ನು ಕೆರೆದು ತೆಗೆಯಲಾಗುತ್ತದೆ. ಕೊನೆಗೆ ಚರ್ಮದ ಅಂಚುಗಳನ್ನು ಕೂಡಿಸಿ ಹೊಲಿಯಲಾಗುತ್ತದೆ. ಮರುಕಳಿಕೆಯನ್ನು ತಡೆಯಲು ವಿನ್‌ಕ್ರಿಸ್ಟಿನ್ ಔಷಧಿಯನ್ನು ರಕ್ತನಾಳದ ಮೂಲಕ ನೀಡುವ ಕ್ರಮವೂ ರೂಢಿಯಲ್ಲಿದೆ.

ಇಲ್ಲಿ ಸಾಕುಪ್ರಾಣಿಗಳ ಬಾಯಿಯ ಅರ್ಬುದದೊಡನೆ ಹೋಲಿಕೆ ಉಪಯುಕ್ತ. ಬೆಕ್ಕಿನ ಬಾಯಿಯಲ್ಲಿ ಹೆಚ್ಚಾಗಿ ಕಾಣುವ ಅರ್ಬುದವೂ ಶಲ್ಕಕೋಶಗಳದ್ದೇ. ನಾಯಿಯಲ್ಲಿ ಮೆಲನೋಮ ಪ್ರಮುಖವಾದುದು. ಎರಡರಲ್ಲೂ ಸಾಧ್ಯವಿದ್ದೆಡೆ ದವಡೆಯ ಭಾಗವನ್ನೇ ಸುತ್ತಲಿನ ಆರೋಗ್ಯವಂತ ಅಂಗಾಂಶದ ಅಂಚಿನೊಡನೆ ತೆಗೆಯುವುದು ಶಸ್ತ್ರಚಿಕಿತ್ಸೆಯ ತತ್ತ್ವ. ಕೊಂಬಿನಲ್ಲಿಯಾದರೋ ರೋಗವು ಹಣೆಯ ಕುಹರವನ್ನು ಹೊಕ್ಕ ಮೇಲೆ ಅಂತಹ ಅಂಚು ದೊರಕದು. ಆದುದರಿಂದ ಕೊಂಬು ವಾಲುವ ಮುನ್ನವೇ ರೋಗವನ್ನು ಗುರುತಿಸುವುದು ನಿರ್ಣಾಯಕ. ಜೋಡಿಯ ಒಂದೆತ್ತು ಬಿದ್ದರೆ ಇನ್ನೊಂದರ ನೊಗವೂ ನಿಲ್ಲುವ ರೈತನ ಮನೆಯಲ್ಲಿ, ಈ ಅರಿವು ಬೇಸಾಯವನ್ನೇ ಉಳಿಸುವ ಸಾಧನವಾಗಿದೆ.