ಲಾರಿಯ ಲೆಕ್ಕದ ಪುಸ್ತಕ

ಅರಿಶಿನಕುಂಟೆಯಲ್ಲಿ ಬೆಳಗಾದರೆ ಲಾರಿಗಳ ಸದ್ದು. ನೆಲಮಂಗಲದ ಸುತ್ತ ದೊಡ್ಡ ದೊಡ್ಡ ಗೋದಾಮುಗಳಿವೆ. ನಮ್ಮಲ್ಲಿ ಎಷ್ಟೋ ಮಂದಿ ಅಲ್ಲಿಗೆ ಹಮಾಲಿ ಕೆಲಸಕ್ಕೆ, ಡ್ರೈವರ್ ಕೆಲಸಕ್ಕೆ ಹೋಗ್ತಾರೆ. ಅನ್ನ ಕೊಡೋದೂ ಲಾರಿ. ಹೊಗೆ ಕೊಡೋದೂ ಲಾರಿ.

ಹೊಗೆ ಕಡಿಮೆ ಆಗಬೇಕಾದರೆ ಹೊಸ ಲಾರಿಯೇ ಬೇಕಾ? ಮೊದಲು ಒಂದು ಪುಸ್ತಕ, ಒಂದು ಪೆನ್ನು ಸಾಕು.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಡ್ರೈವರಣ್ಣ ಒಬ್ಬರು ತಮ್ಮ ಲಾರಿಯ ಪುಸ್ತಕ ತಂದರು. ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಡೀಸೆಲ್ ಹಾಕಿಸಿದರು, ಅಷ್ಟೇ ಅದರಲ್ಲಿತ್ತು. ಎಲ್ಲರೂ ಕೂತು ಭಾಗಾಕಾರ ಮಾಡಿದೆವು. ಹಿಂದಿನ ತಿಂಗಳು 600 ಕಿ.ಮೀ.ಗೆ 150 ಲೀಟರ್. ಅಂದರೆ ಲೀಟರಿಗೆ 4 ಕಿ.ಮೀ. ಈ ತಿಂಗಳು ಅದೇ ದಾರಿ, ಅಷ್ಟೇ ಲೋಡು. ಆದರೆ 200 ಲೀಟರ್! ಲೀಟರಿಗೆ ಬರೀ 3 ಕಿ.ಮೀ.

50 ಲೀಟರ್ ಹೆಚ್ಚಿಗೆ ಸುಟ್ಟಿತ್ತು. ದುಡ್ಡು ಹೋಯಿತು, ಸರಿ. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕೆ.ಜಿ.ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತೆ. ಭೂಮಿಯನ್ನು ಬಿಸಿ ಮಾಡುವ ಅನಿಲ ಅದು. ಲೀಟರ್ ಡೀಸೆಲ್ ಒಂದು ಕೆ.ಜಿ.ಯೂ ತೂಗಲ್ಲ, ಇಷ್ಟು ಹೇಗೆ ಅಂತ ಒಬ್ಬ ಅಕ್ಕ ಕೇಳಿದರು. ಒಳ್ಳೆ ಪ್ರಶ್ನೆ. ಉರಿಯುವಾಗ ಗಾಳಿಯಲ್ಲಿರುವ ಆಮ್ಲಜನಕವೂ ಅದಕ್ಕೆ ಸೇರಿಕೊಳ್ಳುತ್ತೆ.

ಟೈರಿನಲ್ಲಿ ಗಾಳಿ ಇಳಿದಿರಬಹುದು. ಏರ್ ಫಿಲ್ಟರಿಗೆ ಧೂಳು ಕಟ್ಟಿರಬಹುದು. ಪುಸ್ತಕ ರೋಗ ಹೇಳಲ್ಲ, ಜ್ವರ ಇದೆ ಅಂತ ಮಾತ್ರ ಹೇಳುತ್ತೆ.

"ನಿಜ ಬರೆದರೆ ನನ್ನ ಸಂಬಳ ಹಿಡೀತಾರೆ ಮೇಷ್ಟ್ರೇ" ಅಂದರು ಡ್ರೈವರಣ್ಣ. ಇದೇ ಕಷ್ಟ. ಹೆದರಿದವರು ಸುಳ್ಳು ಲೆಕ್ಕ ಬರೀತಾರೆ. ಆಗ ಪುಸ್ತಕ ಇದ್ದೂ ಇಲ್ಲದ ಹಾಗೆ. ಮೈಲೇಜು ಇಳಿದರೆ ಮಾಲೀಕರು ಮೊದಲು ಲಾರಿ ತಪಾಸಣೆ ಮಾಡಿಸಬೇಕು, ಆಮೇಲೆ ಡ್ರೈವರನ್ನು ಕೇಳಬೇಕು.

ಸರ್ಕಾರದ ಕಾಗದಪತ್ರಕ್ಕೂ ಡೀಸೆಲ್‌ಗೂ ಸಂಬಂಧ ಇದೆ. ಮೊದಲು ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟಿನಲ್ಲಿ ಲಾರಿಗಳು ಸಾಲುಗಟ್ಟಿ ಕಾಯುತ್ತಿದ್ದವು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಆ ಕಾಯುವಿಕೆ ತಪ್ಪಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂತು. 50,000 ರೂಪಾಯಿಗಿಂತ ಹೆಚ್ಚಿನ ಸರಕಿನ ವಿವರವನ್ನು ಲಾರಿ ಹೊರಡುವ ಮೊದಲೇ ಕಂಪ್ಯೂಟರಿನಲ್ಲಿ ಬರೆಯಬೇಕು.

ಲಾರಿ ರೈಲು ಹತ್ತಿದ್ದೂ ನಮ್ಮ ನೆಲಮಂಗಲದಲ್ಲೇ. 2020ರ ಆಗಸ್ಟ್ 30ರಂದು ಸೊಲ್ಲಾಪುರದ ಹತ್ತಿರದ ಬಾಳೆಗೆ ಇಲ್ಲಿಂದ ಹೊಸ ರೈಲು ಹೊರಟಿತು. ಸರಕು ತುಂಬಿದ ಲಾರಿಗಳನ್ನೇ ಹೊತ್ತು 682 ಕಿ.ಮೀ. ಪಯಣ. ಅಷ್ಟು ದೂರವೂ ಲಾರಿಯ ಇಂಜಿನ್ ಆಫ್.

ಹೋದ ವಾರ ಡ್ರೈವರಣ್ಣ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದರು. ಮೇಲೆ 'ಟೈರ್ ಗಾಳಿ' ಅಂತ ತಾವೇ ಬರೆದರು. 'ಳಿ'ಯ ಗುಣಿಸು ಮಾತ್ರ ನಮ್ಮನ್ನು ಕೇಳಿ ತಿದ್ದಿಕೊಂಡರು.